ಮಿಡತೆರಾಯನ ಎರಡನೇ ಪಿಚ್ಚರು

ಇದು ನಡ್ದಿದ್ದೇ ಕಣಣ್ಣ. ಈ ಕಾಯ್ತಿರೋ ಎಣ್ಣೆ ಮುಂದೆ ನಿಂತ್ಕಂಡು ಹೇಳ್ತಾವ್ನಿ. ಇದ್ರಲ್ಲಿ ಒಂದ್ ಮಾತು ಸುಳ್ಳಿದ್ರೂ ಇವತ್ತಿನ ಬಜ್ಜಿಯೆಲ್ಲ ಹಸಿಹಿಟ್ಟಾಗೇ ಉಳೀಲಿ, ನನ್ನ ಮೆಣಸಿನ್ಕಾಯೆಲ್ಲ ಸೌತೆಕಾಯಿ ಆಗೋಗ್ಲಿ. ಕೂತ್ಕಳಿ. ಬಸ್ಸು ಘಾಟಿ ಹತ್ತಿ ಬರೋಕೆ ಇನ್ನೂ ಹೊತ್ತೈತೆ. ಅಲ್ಲಲ್ಲ, ಆ ಸ್ಟೂಲ್ ಬ್ಯಾಡ. ಈ ಬೆಂಚ್ ಮ್ಯಾಲೆ ಕೂತ್ಕಳಿ, ಇದೇ ಗಟ್ಟಿ.

ಎದ್ರಿಗೆ ಸೇತ್ವೆ ಕಾಣ್ತಾ ಐತಲ್ಲ, ಅದ್ರ ಕೆಳ್ಗೆ ಇರೋದೇ ತೋಳನಕಂಡಿ. ಇಣುಕಿ ನೋಡುದ್ರೆ ತಲೆ ತಿರುಗ್ತದೆ. ತಳದಲ್ಲಿ ಹೊಳೆ ಹರಿಯೋ ಸದ್ದು ಕೇಳ್ತದೆ, ನೀರು ಕಾಣಲ್ಲ. ಈ ದಡ ನಮ್ಮೂರು ಕಲ್ದೊಡ್ಡಿ, ಆ ದಡ ಬಿದರಟ್ಟಿ. ಸೇತ್ವೆ ಇಲ್ದಾಗ ಇಲ್ಲಿಂದ ಅಲ್ಲಿಗೆ ಹೋಗ್ಬೇಕು ಅಂದ್ರೆ ಗುಡ್ಡ ಬಳಸ್ಕಂಡು ಕಾಡು ದಾಟಿ ಹೋಗ್ಬೇಕಿತ್ತು. ಬೆಳಿಗ್ಗೆ ಹೊಂಟೋನು ಸಂಜೆಗೆ ಸೇರೋನು, ಅದೂ ದಾರೀಲಿ ಆನೆ ಒಪ್ಪುದ್ರೆ.

ನಮ್ಮಕ್ಕ ಚಿಕ್ತಾಯಮ್ಮ ಮಾತ್ರ ಯಾವತ್ತೂ ಬಳಸ್ಕಂಡು ಹೋದೋಳಲ್ಲ. ಅವ್ಳು ನೆಗೆಯೋಳು.

ನಗಬ್ಯಾಡಿ. ಚಿಕ್ಕೋಳಾಗಿದ್ದಾಗ ಒಂದ್ ಮೇಕೆಮರೀನ ಅಟ್ಟಿಸ್ಕಂಡು ಹೋದ್ಳು. ಮರಿ ಕಂಡಿ ಅಂಚಲ್ಲಿ ನಿಂತ್ಕತ್ತು, ಇವ್ಳು ನಿಲ್ನಿಲ್ಲ. ಕಣ್ ಬಿಟ್ಟು ನೋಡುದ್ರೆ ಮರಿ ಈ ದಡ, ಇವ್ಳು ಆ ದಡ. ನಮ್ಮವ್ವ ಎದೆ ಬಡ್ಕಂಡು ಅಳ್ತಾವ್ಳೆ, ಇವ್ಳು ಅಲ್ಲಿಂದ, "ಅವ್ವಾ, ಹೆಂಗೂ ಬಂದಿವ್ನಿ, ಅತ್ತೆ ಮನೇಲಿ ಉಂಡ್ಕಂಡೇ ಬತ್ತೀನಿ" ಅಂದ್ಳು. ಅವತ್ತಿಂದ ಅದೇ ದಾರಿ. ಕಚ್ಚೆ ಬಿಗಿದು, ಒಂದ್ ಓಟ ಓಡಿ, ನೆಗೆಯೋದು. ಕಂಡಿ ನಡುಮಧ್ಯ ಬಂದಾಗ ಸೊಂಟದ ಚೀಲಕ್ಕೆ ಕೈ ಹಾಕಿ ಎಲೆಅಡ್ಕೆ ತಗ್ದು ಬಾಯ್ಗೆ ಹಾಕ್ಕಳೋಳು. ಯಾಕಕ್ಕಾ ಅಂದ್ರೆ, "ಅಲ್ಲಿ ಕೈ ಖಾಲಿ ಇರ್ತದಲ್ಲ, ಇನ್ನೇನ್ ಮಾಡ್ಲಿ" ಅನ್ನೋಳು. ಹದ್ದುಗಳು ಅವ್ಳು ಬರೋ ಹೊತ್ತು ತಿಳ್ಕಂಡು ಪಕ್ಕಕ್ಕೆ ಸರೀತಿದ್ವು.

ದೊಡ್ಡೋಳಾಗಿ ಸೂಲಗಿತ್ತಿ ಆದ್ಳು. ಆ ದಡದಲ್ಲಿ ಯಾರ್ಗಾದ್ರೂ ನೋವು ಕಾಣುಸ್ಕಂಡ್ರೆ ತಮಟೆ ಬಡಿಯೋರು. ತಮಟೆ ಸದ್ದು ನಿಲ್ಲೋದ್ರೊಳಗೆ ಅಕ್ಕ ಅಲ್ಲಿರೋಳು.

ಆಗ ಬಂದ್ರು ನೋಡಿ, ಪಿಚ್ಚರ್ ಕಂಪ್ನಿಯೋರು. ಯಾರೋ ಮೊಬೈಲಲ್ಲಿ ಅಕ್ಕನ ನೆಗೆತ ಹಿಡಿದು ಊರಿಗೆಲ್ಲ ಬಿಟ್ಟಿದ್ರು. ಸಂಪತ್ ಸಾಹೇಬ್ರು ಅಂತ ಒಬ್ರು, ಕಪ್ಪು ಕನ್ನಡಕನ ಕಣ್ಣಿಗೆ ಹಾಕ್ದೆ ತಲೆ ಮ್ಯಾಲೆ ಹಾಕ್ಕಂಡಿರೋರು. ಅವ್ರ ಜೊತೆ ಮೃದುಲಮ್ಮ ಅಂತ ಇಂಜಿನಿಯರಮ್ಮ. ಅವ್ರತ್ರ ಒಂದು ಮಿಷನ್ನು, ಅಚ್ಚುಮಿಷನ್ನು. ಬೆಲ್ಲದಚ್ಚು ಇಲ್ವಾ, ಹಂಗೆ ಇದು ಮನುಷ್ಯನ ಕಸುಬಿನ ಅಚ್ಚು ತಗೀತದೆ. ನಾವು ಕಾಲೆತ್ತಬೇಕಾದ್ರೆ ನರ ಹೋಗಿ ಮಾಂಸಕ್ಕೆ ಒಂದ್ ಮಾತು ಹೇಳ್ತದಂತೆ, 'ಏಳು' ಅಂತ. ಅಕ್ಕನ ನರ ಅದ್ಯಾವ ಮಾತು ಹೇಳ್ತದೆ ಅಂತ ಈ ಮಿಷನ್ನು ಬರ್ಕತ್ತದೆ. ಅದನ್ನ ಒಂದು ಬಟ್ಟೆಗೆ ತುಂಬ್ತಾರೆ. ಬಟ್ಟೆ ಹಾಕ್ಕಂಡ ಹೀರೋ ಅದೇ ಥರ ನೆಗೀತಾನೆ. ಮೃದುಲಮ್ಮ ಹೇಳಿದ್ದು, ನನ್ ಮಾತಲ್ಲ.

"ಆದ್ರೆ ಅಮ್ಮ," ಅಂದ್ರು ಆ ಇಂಜಿನಿಯರಮ್ಮ, "ನೆಗೆತದ ರೈಟ್ಸು ಕೊಟ್ಟ ಮೇಲೆ ನೀವು ನೆಗೆಯೋ ಹಾಗಿಲ್ಲ. ನಿಮ್ಮ ಹಿಮ್ಮಡಿಗೆ ಅಕ್ಕಿಕಾಳಿನಷ್ಟು ಒಂದು ಬೀಗ ಕೂರಿಸ್ತೀವಿ. ನಡೀಬಹುದು, ಓಡಬಹುದು. ನರ ಆ ಒಂದು ಮಾತು ಹೇಳೋಕೆ ಹೋದ್ರೆ ಮಾತ್ರ ಬೀಗ ಅದರ ಬಾಯಿ ಮುಚ್ಚಿಸುತ್ತೆ."

"ಯಾಕ್ ಬುದ್ಧಿ ಹಂಗೆ?" ಅಂದೆ ನಾನು.

ಸಂಪತ್ ಸಾಹೇಬ್ರು ನಕ್ಕುದ್ರು. "ನೋಡಪ್ಪ, ನಿಮ್ಮಕ್ಕ ಇಲ್ಲಿ ಪುಕ್ಸಟ್ಟೆ ನೆಗೀತಿದ್ರೆ ಟಿಕೆಟ್ ತಗೊಂಡು ಯಾರು ನೋಡ್ತಾರೆ?"

 ಅಕ್ಕ ಎಲೆಅಡ್ಕೆ ಉಗುದು ಹೇಳಿದ್ಳು. "ನನ್ಗೂ ಮಂಡಿ ನೋಯ್ತದೆ. ನಾ ಸತ್ತ ಮ್ಯಾಲೆ ಈ ಎರಡು ಊರ್ಗೆ ಯಾರು ನೆಗೀತಾರೆ? ನೆಗೆತ ತಗಳಿ. ಬದ್ಲಿಗೆ ಇಲ್ಲೊಂದು ಸೇತ್ವೆ ಕಟ್ಟುಸ್ಕೊಡಿ. ಸೇತ್ವೆಗೆ ಮಂಡಿನೋವು ಬರಲ್ಲ. ಇನ್ನೊಂದು ಮಾತು, ನನ್ ನೆಗೆತ ಹಾಕಿ ಏನ್ ಪಿಚ್ಚರ್ ಮಾಡುದ್ರೂ ನಮ್ಮೂರ ಟೆಂಟಲ್ಲಿ ನಮ್ ಜನಕ್ಕೆ ತೋರ್ಸ್ಬೇಕು. ಇಲ್ಲಿ ತೋರ್ಸುದ್ರೇನೇ ಅದು ಪಿಚ್ಚರು."

"ಆಯ್ತಮ್ಮ, ಎರಡನ್ನೂ ಅಗ್ರಿಮೆಂಟಲ್ಲೇ ಬರೆಸ್ತೀನಿ" ಅಂದ್ರು ಸಾಹೇಬ್ರು. ಬರೆಸುದ್ರು. ಅಕ್ಕ ಹೆಬ್ಬೆಟ್ಟು ಒತ್ತಿದ್ಳು.

ಅಚ್ಚು ತಗ್ದ ದಿನ ಊರಿಗೂರೇ ಕಂಡಿ ಅಂಚಲ್ಲಿ ನಿಂತಿತ್ತು. ಅಕ್ಕ ಮೈತುಂಬ ವೈರು ಸುತ್ಕಂಡು ಕಡೇ ಸಲ ನೆಗುದ್ಳು. ಕ್ಯಾಮ್ರದೋರು ಹಿಡ್ಕಂಡ್ರು. ಎಲೆಅಡ್ಕೆ ಬಾಯ್ಗೆ ಹಾಕ್ಕಂಡಿದ್ದು ನೋಡಿ ಸಾಹೇಬ್ರು, "ಅಯ್ಯೋ, ಸೂಪರ್ ಹೀರೋ ಎಲೆಅಡಿಕೆ ಹಾಕ್ತಾನೇನಮ್ಮ" ಅಂತ ಗೊಣಗುದ್ರು.

ಸೇತ್ವೇನೂ ಬಂತು. ನೋಡೋಕೆ ಕಲ್ಲು, ತಟ್ಟುದ್ರೆ ಡಬ್ಬ ಡಬ್ಬ ಅನ್ನೋದು. ನಾವು ಹೊಸಾ ಥರದ ಸಿಮೆಂಟು ಅನ್ಕಂಡೋ. ಅದ್ನೇ ನಂಬ್ಕಂಡು ಅಕ್ಕ ಮಗಳು ಮಾದೇವೀನ ಬಿದರಟ್ಟಿಗೆ ಕೊಟ್ಟು ಮದ್ವೆ ಮಾಡಿದ್ಳು. ದಿಬ್ಬಣ ಅದ್ರ ಮ್ಯಾಲೇ ದಾಟ್ತು. ಮದ್ವೆ ಅರಿಶಿಣ ಆರಿರ್ನಿಲ್ಲ, ಕಂಪ್ನಿಯೋರು ಬಂದು ಕ್ಯಾಮ್ರ ಇಟ್ಟು ಸೇತ್ವೇನ ಢಮ್ ಅನ್ನುಸ್ಬುಟ್ರು. ಕಡೇ ಸೀನಲ್ಲಿ ವಿಲನ್ನು ಸೇತ್ವೆ ಉಡಾಯಿಸ್ಬೇಕಂತೆ. ಪ್ಲೈವುಡ್ಡು, ಪ್ಲಾಸ್ಟರು. ಹೊಳೇಲಿ ತೇಲ್ಕಂಡು ಹೋಯ್ತು. ಕೇಳುದ್ರೆ, "ಕಟ್ಟಿಸಿಕೊಡ್ತೀವಿ ಅಂತ ಬರೆದಿತ್ತು, ಕಟ್ಟಿಸಿದ್ವಿ. ಉಳಿಸ್ತೀವಿ ಅಂತ ಎಲ್ಲಿತ್ತು?" ಅಂದ್ರು.

ಪಿಚ್ಚರು ಬಂತು. ಮಿಡತೆರಾಯ. ಮೈಗಂಟಿದ ಹಸ್ರು ಬಟ್ಟೆ, ತಲೆ ಮ್ಯಾಲೆ ಎರಡು ಮೀಸೆ, ಮೂಗಿನ ಕೆಳ್ಗೆ ಇನ್ನೊಂದು ಮೀಸೆ. ಅಕ್ಕ ಟೆಂಟಲ್ಲಿ ಕೂತು ನೋಡಿ, "ಇಷ್ಟೊಂದು ಮೀಸೆ ನನ್ಗ್ಯಾವಾಗ ಬಂತ್ಲಾ ಮುದ್ದ?" ಅಂದ್ಳು. ದೇಶವೆಲ್ಲ ಹುಚ್ಚೆದ್ದೋಯ್ತು. ಮಕ್ಕಳ ಬ್ಯಾಗು, ಟಿಫನ್ ಡಬ್ಬಿ, ಚಡ್ಡಿ, ಎಲ್ಲದ್ರ ಮ್ಯಾಲೂ ಮಿಡತೆರಾಯ. ನಾನೂ ಅಂಗಡಿಗೆ 'ಮಿಡತೆರಾಯ ಬಜ್ಜಿ ಸೆಂಟರ್' ಅಂತ ಬೋರ್ಡ್ ಹಾಕ್ದೆ. ಕಂಪ್ನಿಯಿಂದ ಒಬ್ಬ ಕೋಟ್ ಹಾಕ್ಕಂಡೋನು ಬಂದು, ಆ ಹೆಸ್ರಿನ ರೈಟ್ಸು ನಮ್ದು ಅಂತ ಅಳಿಸ್ಬುಟ್ಟು, ಹೋಗ್ವಾಗ ಎರಡು ಪ್ಲೇಟ್ ಬಜ್ಜಿ ತಿಂದು ಹೋದ. ಸದ್ಯ, ಬಜ್ಜಿ ರೈಟ್ಸು ಕೇಳ್ನಿಲ್ವಲ್ಲ ಅನ್ಕಂಡು ಸುಮ್ನಾದೆ.

ಇಲ್ಲೀಗಂಟ ನಗೋ ಕಥೆ. ಮುಂದಿಂದು ಒಸಿ ಬೇರೆ.

ಮಾದೇವಿ ಬಸುರಾದ್ಳು. ಚೊಚ್ಚಲು ತವರಲ್ಲೇ ಆಗ್ಬೇಕಲ್ಲ. ಸೇತ್ವೆ ಇಲ್ಲ, ಅಕ್ಕನ ಕಾಲಿಗೆ ಬೀಗ. ಜೀಪಲ್ಲಿ ಕೂರುಸ್ಕಂಡು ಕಾಡುದಾರೀಲಿ ಕರ್ಕಬತ್ತಿದ್ರು. ಕುಲುಕಾಟಕ್ಕೆ ನಡುಕಾಡಲ್ಲೇ ನೋವು ಬಂತು. ಕೂಸು ಉಳೀನಿಲ್ಲ.

ಅವತ್ತು ಅಕ್ಕ ಕಂಡಿ ಅಂಚಿಗೆ ಹೋಗಿ ಕಚ್ಚೆ ಕಟ್ಟಿ ಓಡುದ್ಳು. ನಾನು ನೋಡ್ತಾ ನಿಂತಿದ್ದೆ. ಅಂಚಿಗೆ ಬಂದೇಟ್ಗೆ ಗೂಟಕ್ಕೆ ಕಟ್ಟಾಕಿದ ಎಮ್ಮೆ ಹಗ್ಗ ಜಗ್ದಂಗೆ ನಿಂತೋದ್ಳು. ಮತ್ತೆ ಹಿಂದಕ್ಕೆ ಬಂದ್ಳು, ಮತ್ತೆ ಓಡುದ್ಳು, ಮತ್ತೆ ನಿಂತ್ಳು. ಕಡೀಗೆ ನಾನೇ ಹೋಗಿ ಕೈ ಹಿಡ್ಕಂಡು ಮನೀಗೆ ಕರ್ಕಬಂದೆ.

ಆಮೇಲೆ ತಾಯಿ ಮಗಳದು ಒಂದು ಪದ್ಧತಿ ಆಯ್ತು. ದಿನಾ ಸಂಜೆ ಇವ್ಳು ಈ ದಡ, ಅವ್ಳು ಆ ದಡ. ಬಿದರಟ್ಟೀಲಿ ಫೋನು ಸಿಗಲ್ಲ, ಕೂಗ್ಕಂಡೇ ಮಾತಾಡ್ಬೇಕು.

"ಉಂಡ್ಯಾ ಮಗಾ?"

"ಉಂಡೆ ಕನವ್ವ."

"ಏನ್ ಸಾರು?"

"ಉಪ್ಸಾರು."

ಕಂಡಿಯೂ ಹಿಂದ್ಗುಟ್ಲೆ 'ಉಪ್ಸಾರು, ಉಪ್ಸಾರು' ಅಂತ ಒದ್ರೋದು. ಎರಡೂ ಊರ್ಗೂ ಗೊತ್ತಾಗೋದು ಮಾದೇವಿ ಮನೇಲಿ ಏನ್ ಅಡ್ಗೆ ಅಂತ.

ಅಗ್ರಿಮೆಂಟು ಐದು ವರ್ಷದ್ದು. ಐದನೇ ವರ್ಷ ಮಾದೇವಿ ಮತ್ತೆ ಬಸುರಾದ್ಳು. ಒಂದಿನ ಕೂಗಿ ಹೇಳಿದ್ಳು: "ಅವ್ವಾ, ಈ ಸಲ ನಾ ಜೀಪ್ ಹತ್ತಲ್ಲ. ನೀನೇ ಬಾ."

ಅಕ್ಕ ಕೂಗುದ್ಳು: "ಬತ್ತೀನಿ."

ಮನೀಗೆ ಬಂದು ಮುದ್ದೆ ತೊಳಸ್ತಾ ನನ್ಗಂದ್ಳು, "ಮುದ್ದ, ನಾಳೆ ಬೆಂಗ್ಳೂರ್ಗೆ ಹೋಗನ. ಆ ಸಾಹೇಬನ್ನ ಕಾಣ್ಬೇಕು."

"ಅವ್ನು ಏನ್ ಕೊಡ್ತಾನಕ್ಕ?"

"ಕೇಳ್ದೆ ಇದ್ರೆ ಏನ್ ಕೊಡ್ತಾನ್ಲಾ?"

ಹೋದೋ. ಕಂಪ್ನಿ ಆಫೀಸಿನ ಒಳ್ಗೆ ಒಂದು ದೊಡ್ ರೂಮು, ಗೋಡೆ ತುಂಬ ಹಸ್ರು ದೀಪ. ಒಂದೊಂದು ದೀಪಾನೂ ಒಬ್ಬೊಬ್ಬ ಮನುಷ್ಯ. ಮೃದುಲಮ್ಮ ತೋರ್ಸುದ್ರು. ಒಬ್ಬ ಕಣ್ ನೋಟದಲ್ಲೇ ಬೀಡಿ ಹಚ್ಚೋನಂತೆ. ಒಬ್ಳು ಅಜ್ಜಿ ಗೋಡೆ ಆಚೆ ಇರೋದ್ನ ಕಾಣ್ತಿದ್ಳಂತೆ. ಒಬ್ಬ ನೀರೊಳ್ಗೆ ನಿದ್ದೆ ಮಾಡೋನು. ಎಲ್ಲಾರ್ದೂ ಪಿಚ್ಚರ್ ಆಗೈತೆ. ಬೀಡಿಯೋನು ಈಗ ಬೆಂಕಿಪೊಟ್ಣ ಕೊಂಡ್ಕತ್ತಾನೆ.

ಸಂಪತ್ ಸಾಹೇಬ್ರು ಬಂದ್ರು. ಅಕ್ಕ ನೇರ್ವಾಗಿ ಅಂದ್ಳು: "ನನ್ ನೆಗೆತ ಬಿಟ್ಕೊಡಪ್ಪ."

"ಆಗಲ್ಲಮ್ಮ. ದೊಡ್ಡ ಕಂಪನಿಯವರು ಮಿಡತೆರಾಯನ ರೈಟ್ಸು ಕೇಳ್ತಿದಾರೆ. ಅವರಿಗೆ ಮಾರೋವರೆಗೂ ನಮ್ಮ ಕೈಲಿರಬೇಕು."

"ಐದು ವರ್ಷ ತುಂಬ್ತದಲ್ಲ?"

"ತುಂಬೋ ದಿನ ಹೊತ್ತು ಮುಳುಗೋದ್ರೊಳಗೆ ಇನ್ನೊಂದು ಪಿಚ್ಚರ್ ತೋರಿಸಿಬಿಟ್ರೆ ಇನ್ನೈದು ವರ್ಷ ನಮ್ಮದೇ. ಒಂದು ಮಾಡ್ತಿದೀವಿ, ಶೆಡ್ಡಲ್ಲಿ. ನಿಮ್ಮ ಟೆಂಟಲ್ಲೇ ತೋರಿಸ್ತೀವಿ, ನೀವೇ ಬರೆಸಿದ್ದಲ್ವಾ?" ಅಂದು ಹೊಂಟೋದ್ರು.

ನಾನು ಮೃದುಲಮ್ಮನ್ನ ಕೇಳ್ದೆ, "ಅಮ್ಮಾವ್ರೇ, ನಾವು ಯಾರೂ ನೋಡೋಕೆ ಹೋಗ್ದೆ ಇದ್ರೆ?"

"ಬಸ್ಸಲ್ಲಿ ಕೂಲಿ ಜನ ಕರ್ಕೊಂಡು ಬರ್ತಾರೆ."

"ಕಲ್ಲು ಹೊಡುದ್ರೆ? ಕರೆಂಟು ಕಿತ್ತಾಕುದ್ರೆ?"

ಆಯಮ್ಮ ಮೇಜಿನ ಮ್ಯಾಲಿದ್ದ ಒಂದು ಪೆಟ್ಗೆ ತೋರ್ಸುದ್ರು. ಸಾಕ್ಷಿಪೆಟ್ಗೆ ಅಂತೆ. ಕೋರ್ಟು ಸೀಲ್ ಮಾಡಿದ್ದು, ಯಾರ ಮಾತೂ ಕೇಳಲ್ಲ. "ಇದು ಟೆಂಟಲ್ಲಿರುತ್ತೆ. ಜನರ ಎದೆಬಡಿತ ಕೇಳಿಸ್ಕೊಳ್ಳುತ್ತೆ. ಜನ ಮನಸಾರೆ ನೋಡ್ತಿದ್ರೆ ಹಸಿರು ದೀಪ, ಗಡುವಿನ ಗಡಿಯಾರ ಓಡುತ್ತೆ. ಗಲಾಟೆ ಮಾಡಿದ್ರೆ, ನಾಟಕ ಆಡಿದ್ರೆ ಹಳದಿ ದೀಪ, ಗಡಿಯಾರ ನಿಲ್ಲುತ್ತೆ, ಕಂಪನಿಗೆ ಅಷ್ಟು ಹೊತ್ತು ಜಾಸ್ತಿ ಸಿಗುತ್ತೆ. ಕಂಪನಿಯವರೇ ಆಟಕ್ಕೆ ಕೈ ಹಾಕಿದ್ರೆ ಮಾತ್ರ ಆಟ ರದ್ದು. ಪರದೆ ಮೇಲೆ 'ಶುಭಂ' ಬಿತ್ತು ಅಂದ್ರೆ ಮುಗೀತು, ರೈಟ್ಸು ಅವರದು."

"ಬೀಳ್ದೆ ಇದ್ರೆ?"

"ದೀಪ ಆರುತ್ತೆ. ನಿಮ್ಮ ಹಿಮ್ಮಡಿ ಬೀಗ ತಾನೇ ಸತ್ತುಹೋಗುತ್ತೆ."

ವಾಪಸ್ ಬರೋ ಬಸ್ಸಲ್ಲಿ ಅಕ್ಕ ಕಿಟಕಿ ಕಡೆ ನೋಡ್ತಾ ಕೂತಿದ್ಳು. ಊರು ಹತ್ರ ಬಂದಾಗ ಕೇಳಿದ್ಳು, "ಟೆಂಟಲ್ಲಿ ಈಗ್ಲೂ ಗೌಸಣ್ಣನೇ ಅಲ್ವಾ ಪಿಚ್ಚರ್ ಬಿಡೋದು?"

"ಹೂಂ."

"ಒನ್ಸ್ ಮೋರ್ ಅಂದ್ರೆ ಈಗ್ಲೂ ಹಾಕ್ತಾನಾ?"

ಏನ್ ಕೇಳ್ತೀರಿ. ನಮ್ ಟೆಂಟಿನ ಪದ್ಧತಿ ಅದು. ಗೌಸಣ್ಣನ ಅಪ್ಪನ ಕಾಲ್ದಿಂದ ಬಂದದ್ದು. ನಾಟಕದಲ್ಲಿ ಹಾಡು ಹಿಡಿಸ್ತು ಅಂದ್ರೆ ಸತ್ತು ಬಿದ್ದಿರೋ ರಾಕ್ಷಸನೂ ಎದ್ದು ಮತ್ತೆ ಹಾಡಿ ಮತ್ತೆ ಸಾಯ್ಬೇಕು. ಟೆಂಟಲ್ಲೂ ಅದೇ. ಜನ ಒನ್ಸ್ ಮೋರ್ ಅಂದ್ರೆ ಆಪರೇಟ್ರು ಆ ಸೀನು ಮತ್ತೆ ಬಿಡ್ಬೇಕು. ಈಗ ರೀಲಿಲ್ಲ, ಕಂಪ್ಯೂಟ್ರು. ಗೌಸಣ್ಣ ಬೆರಳಲ್ಲಿ ಹಿಂದಕ್ಕೆ ಎಳೀತಾನೆ, ಅಷ್ಟೆ.

"ಹಂಗಾರೆ ಶುಭಂ ಬೀಳ್ಬಾರ್ದು" ಅಂದ್ಳು ಅಕ್ಕ. "ಹೊತ್ತು ಮುಳುಗೋಗಂಟ."

ಅಕ್ಕ ಮುಂಚೇನೇ ಕಾಡುದಾರೀಲಿ ಹೋಗಿ ಮಗಳ ಮನೇಲಿ ಕೂರ್ಬೋದಿತ್ತಲ್ಲ ಅಂತೀರಿ. ಗಂಟು ಕಟ್ಟಿದ್ಳು. ಅಷ್ಟ್ರಲ್ಲಿ ಮಳೆ ಹಿಡ್ದು ಗುಡ್ಡ ಕುಸ್ದು ದಾರಿ ಮುಚ್ಚೋಯ್ತು. ಇನ್ನ ನೆಗೆತ ಒಂದೇ ದಾರಿ.

ಆ ದಿನ ಬಂತು. ಮಧ್ಯಾಹ್ನದಾಟ. ಮಳೆ ಹೊಳವಾಗಿತ್ತು. ಕಲ್ದೊಡ್ಡಿ ಜನವೆಲ್ಲ ಟೆಂಟಲ್ಲಿ. ಕಂಪ್ನಿ ಕೂಲಿ ಜನ ಬಸ್ಸಲ್ಲಿ ಬಂದು ಹಿಂದಿನ ಬೆಂಚು ತುಂಬುದ್ರು. ಅಕ್ಕ ಮುಂದೆ, ನೆಲದ ಕ್ಲಾಸಲ್ಲಿ, ಮರಳ ಮ್ಯಾಲೆ ಕೂತ್ಳು. ಪರದೆ ಪಕ್ಕ ಸಾಕ್ಷಿಪೆಟ್ಗೆ, ಅದ್ರ ಪಕ್ಕ ಮೃದುಲಮ್ಮ. ಸಂಪತ್ ಸಾಹೇಬ್ರು ಬಾಗ್ಲಲ್ಲಿ ಕುರ್ಚಿ ಹಾಕ್ಕಂಡು ಕೂತು ನನ್ನ ಬಜ್ಜೀನೇ ತಿಂತಾವ್ರೆ.

ಪಿಚ್ಚರ್ ಅಂದ್ರೆ ಅದ್ನ ಪಿಚ್ಚರ್ ಅನ್ನೋಕೆ ಬಾಯಿ ಬರಲ್ಲ. ಹಳೇ ಹೀರೋ ಇಲ್ಲ, ಯಾವನೋ ಹೊಟ್ಟೆಯೋನು. ಹಸ್ರು ಬಟ್ಟೆ ಬಣ್ಣ ಹೋಗಿ ಪಾಚಿ ಆಗಿತ್ತು. ಹಿಂದ್ಗಡೆ ಬೆಟ್ಟ ಬೆಡ್‌ಶೀಟ್ ಮ್ಯಾಲೆ ಬರ್ದಿದ್ದು, ಗಾಳಿಗೆ ಬೆಟ್ಟ ಅಲ್ಲಾಡ್ತಿತ್ತು. ವಿಲನ್ನು ನಗೋ ಸೀನಲ್ಲಿ ಅವ್ನಿಗೆ ಕೆಮ್ಮು ಬಂದು ಕೆಮ್ಮಿದ್ನೂ ಹಂಗೇ ಬಿಟ್ಟಿದ್ರು.

ನಾವು ಪ್ಲಾನ್ ಪ್ರಕಾರ ಕೂಗುದೋ: "ಒನ್ಸ್ ಮೋರ್." ಗೌಸಣ್ಣ ಹಾಕ್ದ. ಪೆಟ್ಗೆ ದೀಪ ಹಳದಿ ಆಯ್ತು. ಮತ್ತೆ ಕೂಗುದೋ, ಮತ್ತೆ ಹಳದಿ. ಸುಳ್ಳು ಖುಷಿ ಅಂತ ಅದ್ಕೆ ಗೊತ್ತಾಗೋಗಿತ್ತು. ಗಡಿಯಾರ ನಿಂತೋಯ್ತು. ಸಾಹೇಬ್ರು ಬಾಗ್ಲಿಂದ, "ಕೂಗಿ ಕೂಗಿ, ನನಗೇನು ಅವಸರ ಇಲ್ಲ" ಅಂದು ಇನ್ನೊಂದು ಬಜ್ಜಿ ತಗಂಡ್ರು.

ಆಗ ಕೇಳುಸ್ತು. ಆ ದಡದಿಂದ ತಮಟೆ.

ಮಾದೇವೀಗೆ ನೋವು ಶುರುವಾಗಿತ್ತು. ದಿನ ತುಂಬೋಕೆ ಇನ್ನೂ ಐತೆ ಅಂದಿದ್ರು, ಮುಂಚೇನೇ ಬಂದೈತೆ. ನಾನು ಎದ್ದೆ. "ಅಕ್ಕ, ಏನ್ ಮಾಡನ?"

"ಕೂತ್ಕ ಮುದ್ದ."

"ಆಗಲ್ಲ ಕನಕ್ಕ, ದೀಪ ಹಳದಿ..."

"ಕೂತ್ಕ ಅಂದೆ. ಪಿಚ್ಚರ್ ನೋಡು."

ಅವ್ಳ ಕೈ ನೋಡ್ದೆ. ಮರಳ ಒಳ್ಗೆ ಮುಷ್ಟಿ ಹೂತ್ಕಂಡು ಕೂತಿದ್ಳು.

ಪರದೆ ಮ್ಯಾಲೆ ಹೊಟ್ಟೆ ಮಿಡತೆರಾಯ ಒಂದು ಗುಂಡಿ ಮುಂದೆ ನಿಂತು, "ಲೋಕ ಕಲ್ಯಾಣಕ್ಕಾಗಿ ನೆಗೆಯುತ್ತೇನೆ" ಅಂದ. ಬೆಡ್‌ಶೀಟ್ ಹೋಯ್ತು, ಪರದೆ ತುಂಬ ನಿಜವಾದ ಕಂಡಿ. ತೋಳನಕಂಡಿ. ಹಸ್ರು ಬಟ್ಟೇದು ಒಂದು ಆಕಾರ ಓಡ್ಬಂತು, ನೆಗೀತು, ನಡುಮಧ್ಯ ಬಂತು. ಸೊಂಟಕ್ಕೆ ಕೈ ಹಾಕ್ತು. ಎಲೆಅಡ್ಕೆ ತಗ್ದು ಬಾಯ್ಗೆ ಹಾಕ್ಕತ್ತು.

ಹೊಸ ನೆಗೆತ ತಗಿಯೋಕೆ ಖರ್ಚಾಯ್ತದೆ ಅಂತ ಆ ಜಿಪುಣ್ರು ಹಳೇದನ್ನೇ ಹಾಕಿದ್ರು ಕಣಣ್ಣ. ಅಚ್ಚು ತಗ್ದ ದಿನ ಹಿಡ್ದಿದ್ದು. ಅಕ್ಕನ ಮ್ಯಾಲೆ ಹಸ್ರು ಬಣ್ಣ ಬಳ್ದು, ಮೀಸೆ ಅಂಟ್ಸಿ, ಬಿಟ್ಬುಟ್ಟವ್ರೆ. ಸೆರಗು ಮಾತ್ರ ಹಸ್ರು ಆಗ್ದೆ ಹಿಂದ್ಗಡೆ ಹಾರಾಡ್ತಾ ಐತೆ.

 ಮುಂದೆ ಕೂತಿದ್ದ ಒಂದು ಅಜ್ಜಿ, "ಲೇ, ನಮ್ ಚಿಕ್ತಾಯಿ ಕನ್ರಲೇ" ಅಂತು. ಅಷ್ಟೇ. ಟೆಂಟು ಎದ್ದು ನಿಂತ್ಕತ್ತು. ಶಿಳ್ಳೆ, ಟವಲ್ಲು, ಪರದೆ ಮ್ಯಾಲೆ ಚಿಲ್ರೆ. ಐದು ವರ್ಷದಿಂದ ಆ ನೆಗೆತ ಕಂಡಿರ್ನಿಲ್ಲ ನಾವು. "ಒನ್ಸ್ ಮೋರ್" ಅಂದ ಕೂಗು ಇತ್ತಲ್ಲ, ಅದ್ಕೆ ಟೆಂಟಿನ ಗೂಟ ಸಡ್ಲ ಆಯ್ತು.

ಪೆಟ್ಗೆ ನೋಡ್ದೆ. ಹಸ್ರು. ಮೇವಿನ ಹಸ್ರು. ಗಡಿಯಾರ ಓಡ್ತಾ ಐತೆ.

ಗೌಸಣ್ಣ ಮತ್ತೆ ಹಾಕ್ದ. ಮತ್ತೆ ಹಾಕ್ದ. ಸಾಹೇಬ್ರ ಬಜ್ಜಿ ಕೈಯಿಂದ ಬಿತ್ತು. "ಏಯ್, ಸಾಕು, ಮುಂದಕ್ಕೆ ಹಾಕೋ" ಅಂತ ಓಡ್ಬಂದ್ರು. ಗೌಸಣ್ಣ ತಿರುಗೂ ನೋಡ್ದೆ, "ಸಾಹೇಬ್ರೇ, ಒನ್ಸ್ ಮೋರ್ ಅಂದ್ಮೇಲೆ ಹಾಕ್ದೆ ಇದ್ರೆ ನಮ್ಮಪ್ಪ ಗೋರಿಯಿಂದ ಎದ್ಬಂದು ಕಪಾಳಕ್ಕೆ ಹೊಡೀತಾರೆ" ಅಂದ.

"ಕಿತ್ಕೊಳ್ತೀನಿ ಅದನ್ನ" ಅಂತ ಸಾಹೇಬ್ರು ಕೈ ಎತ್ತುದ್ರು. ಮೃದುಲಮ್ಮ ತಣ್ಣಗೆ ಅಂದ್ರು, "ಸರ್, ನೀವು ಮುಟ್ಟಿದ್ರೆ ಆಟ ರದ್ದು." ಕೈ ಹಂಗೇ ಗಾಳೀಲಿ ನಿಂತ್ಕತ್ತು. ತಮ್ಮ ಕೂಲಿ ಜನದ ಕಡೆ ತಿರುಗಿ, "ಮುಂದಕ್ಕೆ ಹಾಕಿ ಅಂತ ಕೂಗ್ರಯ್ಯ" ಅಂದ್ರು. ಅವ್ರೇ ಬೆಂಚ್ ಮ್ಯಾಲೆ ಹತ್ತಿ ನಮ್ಗಿಂತ ಜೋರಾಗಿ ಒನ್ಸ್ ಮೋರ್ ಅಂತಾವ್ರೆ.

ಒಂದೇ ಸೀನು ಎಷ್ಟೊತ್ತು ಹಿಡಿಸ್ತದೆ ಅಂತೀರಿ. ನಂಗೂ ಅದೇ ಭಯ. ಒಂದಷ್ಟು ಸಲ ಆದ್ಮೇಲೆ ದೀಪ ಮಂಕಾಗ್ತಾ ಬಂತು. ಆಗ ಒಬ್ಬ ಕೂಗ್ದ, "ಅಗೋ, ಅಂಚಲ್ಲಿ ನಿಂತಿರೋದು ನಮ್ಮಪ್ಪ." ಅವ್ರಪ್ಪ ಸತ್ತು ಎರಡು ವರ್ಷ ಆಗಿತ್ತು. ನೋಡುದ್ರೆ ಹೌದು, ಎತ್ತಿನ ಹಗ್ಗ ಹಿಡ್ಕಂಡು ಬಾಯ್ ಬಿಟ್ಕಂಡು ನಿಂತವ್ರೆ. ಬಣ್ಣ ಬಳ್ದಿದ್ದು ಅಕ್ಕನಿಗೆ ಮಾತ್ರ, ಅವತ್ತು ನಿಂತಿದ್ದ ಊರು ಹಂಗೇ ಉಳ್ದಿತ್ತು. ಆಮೇಲೆ ಶುರುವಾಯ್ತು. ಒನ್ಸ್ ಮೋರ್, ನಮ್ಮತ್ತೆ ಅಲ್ಲಿ. ಒನ್ಸ್ ಮೋರ್, ನಮ್ ಕೆಂದ ಹಸ ನೋಡು. ಒನ್ಸ್ ಮೋರ್, ಮುದ್ದಯ್ಯನ ತಲೇಲಿ ಕೂದ್ಲು. ಹೌದಣ್ಣ, ಆಗ ನನ್ಗೆ ಕೂದ್ಲಿತ್ತು, ಅದ್ನ ನೋಡಿ ನಾನೇ ಎರಡು ಸಲ ಕೂಗ್ದೆ. ಸತ್ತೋರು ಇದ್ದೋರು ಎಲ್ರೂ ಆ ಪರದೆ ಮ್ಯಾಲೆ ನಿಂತು ಅಕ್ಕ ನೆಗೆಯೋದ್ನ ನೋಡ್ತಾವ್ರೆ. ದೀಪ ಮತ್ತೆ ಹಸ್ರಾಯ್ತು.

ಹೊರ್ಗೆ ತಮಟೆ ನಿಂತಿರ್ನಿಲ್ಲ. ಬಿಸ್ಲು ಟೆಂಟಿನ ತೂತಿಂದ ಓರೆ ಆಗಿ, ಕೆಂಪಾಗಿ ಬೀಳ್ತಿತ್ತು. ಎಲ್ರ ಗಂಟ್ಲೂ ಕಟ್ಟೋಯ್ತು. ಕೂಗೋಕೆ ಒಬ್ರಿಗೂ ದನಿ ಇಲ್ಲ. ಸೀನು ಮುಗೀತು, ಹೊಟ್ಟೆ ಮಿಡತೆರಾಯ ಮತ್ತೆ ಬಂದು ಸೊಂಟದ ಮ್ಯಾಲೆ ಕೈ ಇಟ್ಕಂಡು ನಿಂತ. ಪಿಚ್ಚರು ಮುಂದಕ್ಕೆ ಹೊಂಟ್ತು. ಶುಭಂಗೆ ಇನ್ನೇನು ಹೊತ್ತಿಲ್ಲ. ಸಾಹೇಬ್ರು ಪರದೆಗೆ ಕೈ ಮುಗುದ್ರು.

ಅಕ್ಕ ಎದ್ದು ನಿಂತ್ಳು. ಇಡೀ ಮಧ್ಯಾಹ್ನ ಒಂದ್ ಸಲನೂ ಕೂಗಿರ್ನಿಲ್ಲ ಅವ್ಳು. ಕಂಡಿ ಆಚೆಗೆ ದಿನಾ ಕೂಗಿ ಕೂಗಿ ಪಳಗಿದ ಗಂಟ್ಲು ಅದು.

"ಗೌಸಣ್ಣ," ಅಂದ್ಳು, "ಆ ಬಲಗಡೆ ಮೂಲೇಲಿ, ಲಂಗದಾವಣಿ ಹಾಕ್ಕಂಡು ಚಪ್ಪಾಳೆ ತಟ್ತಾ ನಿಂತವ್ಳಲ್ಲ, ಅವ್ಳು ನನ್ ಮಗಳು ಮಾದೇವಿ. ನಾನು ನೆಗೀವಾಗ ಅವ್ಳ ಮುಖ ಯಾವತ್ತೂ ಕಂಡಿರ್ನಿಲ್ಲ ಕನಪ್ಪ, ನನ್ ಬೆನ್ ಹಿಂದಿತ್ತು. ಒನ್ಸ್ ಮೋರ್."

ಗೌಸಣ್ಣ ಕಣ್ಣೊರ್ಸ್ಕಂಡು ಹಿಂದಕ್ಕೆ ಎಳ್ದ.

ಪರದೆ ಮ್ಯಾಲೆ ಅಕ್ಕ ನಡುಗಾಳೀಲಿ ಎಲೆಅಡ್ಕೆ ಬಾಯ್ಗೆ ಹಾಕ್ಕಳ್ತಿದ್ದಂಗೇ ಪೆಟ್ಗೆ ದೀಪ ಪಕ್ ಅಂತ ಆರೋಯ್ತು. ಟೆಂಟಿನ ತೂತಲ್ಲಿ ಬಿಸ್ಲು ಹೋಗಿತ್ತು, ಹಳದೀಲಿ ಸಿಕ್ಕಿದ್ದ ಜಾಸ್ತಿ ಹೊತ್ತೂ ಮುಗ್ದಿತ್ತು, ಗಡುವು ತೀರ್ತು. ಅಕ್ಕ, "ಹಾ" ಅಂತ ಕಾಲೆತ್ತಿದ್ಳು. "ಹಿಮ್ಮಡೀಗೆ ಮೆಣಸಿನ್ಕಾಯಿ ಇಟ್ಟಂಗಾಯ್ತು ಕನ್ಲಾ ಮುದ್ದ."

ಹೊಂಟ್ಳು. ಊರೆಲ್ಲ ಹಿಂದೆ. ಕಂಡಿ ಅಂಚಿಗೆ ಬಂದು ಕಚ್ಚೆ ಬಿಗುದ್ಳು. ಐದು ವರ್ಷ ತುಕ್ಕಿಡ್ದ ಕಾಲು, ಮಳೇಲಿ ನೆಂದ ಬಂಡೆ. ನಾನು, "ಅಕ್ಕ, ಒಂದ್ ಸಲ ಚಿಕ್ ಗುಂಡೀಲಿ ನೆಗ್ದು ನೋಡು" ಅಂದೆ.

"ಕೂಸು ಕಾಯ್ತದೇನ್ಲಾ?"

ಓಡುದ್ಳು. ಅಂಚು ಬಂತು. ನಿಲ್ನಿಲ್ಲ.

ಸಂಜೆ ಬೆಳಕಲ್ಲಿ ಅವ್ಳು ಮ್ಯಾಲಕ್ಕೆದ್ದಿದ್ದು ಕಾಣುಸ್ತು. ನಡುಮಧ್ಯ ಬಂದ್ಳು. ಕೈ ಸೊಂಟಕ್ಕೆ ಹೋಯ್ತು. ಆ ಎಲೆಅಡ್ಕೆ ಬಾಯ್ಗೆ ಹೋಗಿದ್ದು ನೋಡಿದ್ಮೇಲೇ ನಾನು ಉಸ್ರು ಬಿಟ್ಟಿದ್ದು. ಆ ದಡದಲ್ಲಿ ತಮಟೆ ನಿಂತ್ಕತ್ತು.

ದೀಪ ಹಚ್ಚೋ ಹೊತ್ತಿಗೆ ಕಂಡಿ ಆಚೆಯಿಂದ ಕೂಗು ಬಂತು. "ಮುದ್ದಾ, ಹೆಣ್ ಕೂಸು. ತಾಯಿ ಮಗು ಗಟ್ಟಿಯಾಗವ್ರೆ." ಕಂಡಿ ನಾಕು ಸಲ ಒದ್ರಿ ಹೇಳ್ತು, ಗಟ್ಟಿಯಾಗವ್ರೆ, ಗಟ್ಟಿಯಾಗವ್ರೆ. ಟೆಂಟಲ್ಲಿ ಶುಭಂ ಬಿದ್ದಾಗ ನೋಡೋಕೆ ಸಂಪತ್ ಸಾಹೇಬ್ರು ಒಬ್ರೇ ಇದ್ರಂತೆ.

ಸೇತ್ವೆ ಕಥೆ ಕೇಳುದ್ರಲ್ಲ, ಅದೂ ಹೇಳ್ಬುಡ್ತೀನಿ. ಆ ದೊಡ್ ಕಂಪ್ನಿಯೋರು ನೇರ್ವಾಗಿ ಅಕ್ಕನ ಹತ್ರ ಬಂದ್ರು. ಅಕ್ಕ ಅಂದ್ಳು, "ಮೊದ್ಲು ಕಬ್ಬಿಣ ಸಿಮೆಂಟಿನ ಸೇತ್ವೆ. ಅದ್ರ ಮ್ಯಾಲೆ ನನ್ ಎಮ್ಮೆ ಆ ಕಡೀಗೆ ಹೋಗಿ ಮೇದು ಈ ಕಡೀಗೆ ಬರ್ಬೇಕು. ಆಮೇಲೆ ರೈಟ್ಸಿನ ಮಾತು." ಕಟ್ಟುದ್ರು. ಎಮ್ಮೆ ಹೋಗಿ ಬಂತು. ಅಕ್ಕ ಹೆಬ್ಬೆಟ್ಟು ನೋಡ್ಕಂಡು, "ಈಗ ನೆಗೆಯೋ ಅವಶ್ಯಕತೇನೇ ಇಲ್ವಲ್ಲಪ್ಪ, ಇಲ್ದಿರೋ ಸಾಮಾನು ಹೆಂಗೆ ಮಾರ್ಲಿ?" ಅಂದು ಒಳಕ್ಕೆ ಹೋದ್ಳು. ಮೊಮ್ಮಗಳ ಜೊತೆ ಈಗ ಸೇತ್ವೆ ಮ್ಯಾಲೇ ನಡ್ಕಂಡು ಓಡಾಡ್ತಾಳೆ. ಆ ಮಗೂನೇ ಒಂದೊಂದ್ ಸಲ ಕಂಬಿ ಹತ್ತಿ ಕಂಡಿ ಕಡೆ ನೋಡ್ತದೆ. ನಾವು ನೋಡುದ್ರೂ ನೋಡ್ದಂಗಿರ್ತೀವಿ.

ಸಾಕ್ಷಿಪೆಟ್ಗೇನ ಮೃದುಲಮ್ಮ ನಂಗೇ ಕೊಟ್ಟು ಹೋದ್ರು. ಎಲ್ಲೈತೆ ಅಂತೀರಾ? ನೀವು ಕೂತಿದ್ದೀರಲ್ಲ, ಆ ಬೆಂಚಿನ ಕೆಳ್ಗೆ. ಬಗ್ಗಿ ನೋಡ್ಬ್ಯಾಡಿ, ಎದೆಬಡಿತ ತಪ್ಪೋಯ್ತದೆ. ಹಸ್ರು ಉರೀತಾ ಐತೆ, ನಂಗಿಲ್ಲಿಂದ ಕಾಣ್ತದೆ. ಅಂದ್ರೆ ಮನಸಾರೆ ಕೇಳಿದ್ದೀರಿ. ಈಗ ನಾನು ಶುಭಂ ಅಂದ್ರೆ ಈ ಕಥೆ ರೈಟ್ಸು ಇನ್ನೈದು ವರ್ಷ ನಂದು, ನೀವು ಎಲ್ಲೂ ಹೇಳೋಂಗಿಲ್ಲ. ಅನ್ದೆ ಇದ್ರೆ ನಿಮ್ಗೂ ಪಾಲೈತೆ. ನಾನು ಶುಭಂ ಅನ್ಬಾರ್ದು ಅಂದ್ರೆ ದಾರಿ ಒಂದೇ, ಜೋರಾಗಿ ಒನ್ಸ್ ಮೋರ್ ಅನ್ನಿ, ಮೊದ್ಲಿಂದ ಶುರು ಮಾಡ್ತೀನಿ, ಇನ್ನೊಂದು ಪ್ಲೇಟೂ ಹಾಕ್ತೀನಿ. ಬಸ್ಸಾ? ಅದು ಅಕ್ಕ ನೆಗೀವಾಗ್ಲೇ ಹೋಯ್ತಲ್ಲಣ್ಣ, ನೀವು ನೋಡ್ನಿಲ್ವಾ? ಅನ್ನಿ ಮತ್ತೆ, ಎಣ್ಣೆ ಕಾದೈತೆ.